ರಾಜ್ಯಸಭೆಯ ಮಾತಿನಿಂದ ಜಮಖಂಡಿಗೆ ಏನು ಬಂತು?

ಜಮಖಂಡಿ ತಾಲ್ಲೂಕಿನ ನಿವೃತ್ತ ಮಾಸ್ತರರೊಬ್ಬರು ಬರೆದ ಪತ್ರದ ಸಾರ ಇದು: "ನಮ್ಮ ಭಾಗದ ರಾಜ್ಯಸಭಾ ಸದಸ್ಯರ ಭಾಷಣಗಳಿಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಕೊಟ್ಟಿದ್ದೀರಿ. ಇವರನ್ನು ನಾವು ಆರಿಸಿಲ್ಲ, ಹಿಂಬಾಗಿಲಿನಿಂದ ಹೋದವರು. ಎಷ್ಟು ಸಲ ಮಾತಾಡಿದರು, ಎಷ್ಟು ದಿನ ಹಾಜರಿದ್ದರು ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಅವರ ಮಾತಿನಿಂದ ಬಾಗಲಕೋಟೆ–ಕುಡಚಿ ರೈಲು ಜಮಖಂಡಿಗೆ ಬಂತಾ? ಆ ಜಾಗದಲ್ಲಿ ಕಬ್ಬಿನ ಬಿಲ್ಲಿನ ಬಗ್ಗೆ ಬರೆಯಬಹುದಿತ್ತು."

ಮಾಸ್ತರರೇ, ನಮಸ್ಕಾರ. ಕಬ್ಬಿನ ಬಿಲ್ಲಿನ ಬಗ್ಗೆ ಬರೆಯುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಭಾಷಣಗಳಿಗೆ ಕೊಟ್ಟ ಆ ಎರಡು ಪುಟ ದಂಡ ಅಂತ ನನಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಿಂಬಾಗಿಲಿನ ಮಾತು. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ ಇವೆ. ಆರಿಸುವವರು ನೀವು ಆರಿಸಿ ಕಳಿಸಿದ ಶಾಸಕರೇ. 2003ರಲ್ಲಿ ಚುನಾವಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಈ ಮತ ಗುಟ್ಟಿನದೂ ಅಲ್ಲ, ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು. ಹಾಗಾಗಿ ಯಾರಿಗೆ ಮತ ಹಾಕಿದಿರಿ, ಯಾಕೆ ಹಾಕಿದಿರಿ ಅಂತ ಶಾಸಕರನ್ನು ಕೇಳುವ ಹಕ್ಕು ನಿಮಗಿದೆ. ಅದೇ ತಿದ್ದುಪಡಿ ಇನ್ನೊಂದು ಕೆಲಸವನ್ನೂ ಮಾಡಿತು. ಸದಸ್ಯರಾಗುವವರು ಆ ರಾಜ್ಯದ ನಿವಾಸಿಯೇ ಆಗಿರಬೇಕು ಅನ್ನುವ ನಿಯಮ ಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಒಪ್ಪಿತು. ನನಗೆ ಇದು ಇವತ್ತಿಗೂ ಸರಿ ಅನಿಸಿಲ್ಲ. ನಮ್ಮ ನೀರು, ನಮ್ಮ ನೆಲ ಗೊತ್ತಿರುವವರು ಅಲ್ಲಿ ಇರಬೇಕು. ಅದಕ್ಕೇ ನಮ್ಮ ಕಡೆಯಿಂದ ಹೋದವರ ಮಾತಿನ ಮೇಲೆ ಜಾಸ್ತಿ ಕಣ್ಣಿಡುತ್ತೇವೆ. ಬೆಳಗಾವಿಯಿಂದ ಪ್ರಭಾಕರ ಕೋರೆ ಇದ್ದರು. 2020ರಲ್ಲಿ ಈರಣ್ಣ ಕಡಾಡಿ ಹೋದರು. 2024ರಲ್ಲಿ ಬಾಗಲಕೋಟೆಯ ನಾರಾಯಣಸಾ ಭಾಂಡಗೆ ಹೋದರು. ನಿಮ್ಮ ತಾಲ್ಲೂಕಿನ ಸಾವಳಗಿಯವರೇ ಆದ ಬಿ.ಡಿ. ಜತ್ತಿ ಉಪರಾಷ್ಟ್ರಪತಿಯಾಗಿ 1974ರಿಂದ 1979ರವರೆಗೆ ಅದೇ ಸದನದ ಸಭಾಪತಿ ಕುರ್ಚಿಯಲ್ಲಿ ಕೂತಿದ್ದರು. ಆ ಸದನ ನಮಗೆ ಹೊರಗಿನದಲ್ಲ.

ಈಗ ಲೆಕ್ಕದ ವಿಷಯ. ಎಷ್ಟು ಸಲ ಅನ್ನುವ ಒಂದು ಸಾಲು ಸಾಕು ಅಂತೀರಿ. ಅದೊಂದರಿಂದ ಏನೂ ತಿಳಿಯುವುದಿಲ್ಲ, ಮಾಸ್ತರರೇ. ಶೂನ್ಯ ವೇಳೆಯಲ್ಲಿ, ಅಂದರೆ ತುರ್ತು ವಿಷಯ ಎತ್ತುವ ಹೊತ್ತಿನಲ್ಲಿ, ಒಬ್ಬ ಸದಸ್ಯರಿಗೆ ಸಿಗುವುದು ಮೂರು ನಿಮಿಷ, ಆಮೇಲೆ ಮೈಕ್ ಬಂದ್. ವಿಶೇಷ ಪ್ರಸ್ತಾಪ ಅಂತ ಇನ್ನೊಂದಿದೆ. ಅದು 250 ಪದ ಮೀರದ ಬರಹ, ಎದ್ದು ನಿಂತು ಓದಿದರೆ ಮುಗಿಯಿತು. ಬಜೆಟ್ ಮೇಲಿನ ಚರ್ಚೆ ಗಂಟೆಗಟ್ಟಲೆ ನಡೆದರೂ ಪಕ್ಷದ ಬಲ ನೋಡಿಯೇ ಸಮಯ ಹಂಚುತ್ತಾರೆ. ಸಣ್ಣ ಪಕ್ಷದವರಿಗೆ, ಹೊಸಬರಿಗೆ ಸಿಗುವುದು ಕೆಲವೇ ನಿಮಿಷ. ಒಬ್ಬರು ಮಾತಾಡಿ ಮುಗಿಸಿದಾಗ ಉಳಿದವರು "ನಾನೂ ಇದಕ್ಕೆ ದನಿಗೂಡಿಸುತ್ತೇನೆ" ಅಂದರೆ ಅವರ ಹೆಸರೂ ದಾಖಲೆಗೆ ಹೋಗುತ್ತದೆ. ಇನ್ನು ಸ್ಥಾಯಿ ಸಮಿತಿಗಳ ಕೆಲಸ. ಒಂದೊಂದರಲ್ಲಿ ಲೋಕಸಭೆಯ 21 ಜನ, ರಾಜ್ಯಸಭೆಯ 10 ಜನ ಇರುತ್ತಾರೆ. ಇಲಾಖೆಯ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳುವುದು ಅಲ್ಲೇ. ಆ ಸಭೆಗಳು ಮುಚ್ಚಿದ ಬಾಗಿಲಿನ ಹಿಂದೆ ನಡೆಯುವುದರಿಂದ ಸದನದ ಮಾತಿನ ಲೆಕ್ಕಕ್ಕೆ ಸಿಗುವುದಿಲ್ಲ. ಇಷ್ಟೆಲ್ಲ ಇರುವಾಗ ಬರೀ ಸಂಖ್ಯೆ ಕೊಟ್ಟರೆ ಓದುಗರಿಗೆ ಏನು ಕೊಟ್ಟ ಹಾಗಾಯಿತು?

ಹಾಗಾದರೆ ಏನು ನೋಡಬೇಕು? ನನ್ನ ಪ್ರಕಾರ ಒಂದೇ. ಆ ಸದಸ್ಯರು ಮಂತ್ರಿಗಳ ಬಾಯಿಂದ ಏನು ಹೊರಡಿಸಿದರು?

ರೈಲನ್ನೇ ತೆಗೆದುಕೊಳ್ಳೋಣ. ಬಾಗಲಕೋಟೆ–ಕುಡಚಿ ಮಾರ್ಗ 142 ಕಿಲೋಮೀಟರ್. ಮಂಜೂರಾಗಿದ್ದು 2010ರ ಹೊತ್ತಿಗೆ. ಅರ್ಧ ಖರ್ಚು ರಾಜ್ಯದ್ದು, ಜಮೀನು ಕೊಡಬೇಕಾದದ್ದೂ ರಾಜ್ಯವೇ. ಒಬ್ಬ ಸದಸ್ಯರು ಎದ್ದು "ನಮ್ಮ ಭಾಗಕ್ಕೆ ಅನ್ಯಾಯವಾಗಿದೆ, ಬೇಗ ಮುಗಿಸಿ" ಅಂತ ಗಟ್ಟಿಯಾಗಿ ಹೇಳಬಹುದು. ಇಲ್ಲಿ ಚಪ್ಪಾಳೆ ಬೀಳುತ್ತದೆ, ಅಲ್ಲಿ ಏನೂ ಆಗುವುದಿಲ್ಲ. ಇನ್ನೊಬ್ಬರು ಲಿಖಿತ ಪ್ರಶ್ನೆ ಹಾಕುತ್ತಾರೆ. ಅದರಲ್ಲಿ ಅ, ಆ, ಇ ಅಂತ ಭಾಗಗಳು. ಒಟ್ಟು ಎಷ್ಟು ಜಮೀನು ಬೇಕು? ಎಷ್ಟು ಕೈಗೆ ಬಂದಿದೆ? ಉಳಿದದ್ದು ಯಾವ ತಾಲ್ಲೂಕಿನಲ್ಲಿ, ಯಾಕೆ ನಿಂತಿದೆ? ಇಲ್ಲಿವರೆಗೆ ಖರ್ಚೆಷ್ಟು? ರೈಲ್ವೆ ಸಚಿವಾಲಯ ಇದಕ್ಕೆ ಬರಹದಲ್ಲಿ ಉತ್ತರ ಕೊಡಲೇಬೇಕು. "ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಡಲಾಗಿದೆ" ಅಂತ ಶುರುವಾಗುವ ಆ ಹಾಳೆ ಓದುವುದಕ್ಕೆ ಬೇಜಾರು, ನಿಜ. ಆದರೆ ಕೆಲಸ ರೈಲ್ವೆಯಿಂದ ನಿಂತಿದೆಯೋ, ಬೆಂಗಳೂರಿನಿಂದ ನಿಂತಿದೆಯೋ ಅಂತ ಗೊತ್ತಾಗುವುದು ಅಲ್ಲೇ. ಅದು ಗೊತ್ತಿಲ್ಲದೆ ನಾವು ಯಾರ ಮುಂದೆ ಧರಣಿ ಕೂರಬೇಕು? ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ಸೌಧದ ಹತ್ತಿರ ಟೆಂಟ್ ಹಾಕಿ ಕೂತವರ ಕೈಯಲ್ಲಿ ಆ ಉತ್ತರದ ಪ್ರತಿ ಇದ್ದರೆ, ಅಹವಾಲು ಕೇಳಲು ಬರುವ ಮಂತ್ರಿ ಹಾರಿಕೆಯ ಮಾತಾಡುವುದು ಕಷ್ಟ.

ಚುಕ್ಕೆ ಗುರುತಿನ ಪ್ರಶ್ನೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ಅಂಥವು 15 ಮಾತ್ರ. ಅದೂ ಚೀಟಿ ಎತ್ತಿ ಆರಿಸಿದವು. ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಕೇಳಿದವರಿಗೆ ಎರಡು ಉಪಪ್ರಶ್ನೆ. ಸದಸ್ಯರು ತಯಾರಿ ಮಾಡಿಕೊಂಡು ಬಂದಿದ್ದಾರೋ ಇಲ್ಲವೋ ಅಂತ ಆ ಎರಡರಲ್ಲೇ ತಿಳಿಯುತ್ತದೆ. ಅಲ್ಲಿ ಮಂತ್ರಿ "ಪರಿಶೀಲಿಸುತ್ತೇವೆ" ಅಂದರೋ, "ಮಾಹಿತಿ ತರಿಸಿ ಸದನದ ಮುಂದಿಡುತ್ತೇವೆ" ಅಂದರೋ, ಅದು ಗಾಳಿಗೆ ಹೋಗುವ ಮಾತಲ್ಲ. ಸರ್ಕಾರಿ ಭರವಸೆಗಳ ಸಮಿತಿ ಅಂತ ರಾಜ್ಯಸಭೆಯಲ್ಲಿ 1972ರಿಂದ ಇದೆ. ಮಂತ್ರಿಗಳ ಇಂಥ ಮಾತುಗಳನ್ನು ಹೆಕ್ಕಿ ಪಟ್ಟಿ ಮಾಡುತ್ತಾರೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಇಲಾಖೆ ಕಾರಣ ಹೇಳಿ ಸಮಯ ಕೇಳಬೇಕು. ಎಷ್ಟೋ ಭರವಸೆಗಳು ವರ್ಷಗಟ್ಟಲೆ ಬಾಕಿ ಉಳಿಯುತ್ತವೆ, ಅದು ನನಗೂ ಗೊತ್ತು. ಆದರೂ ಒಬ್ಬ ಸದಸ್ಯ ತನ್ನ ಭಾಗಕ್ಕಾಗಿ ಇಂಥ ಎಷ್ಟು ಭರವಸೆ ಹೊರಡಿಸಿದ, ಆಮೇಲೆ ಅದರ ಬೆನ್ನು ಹತ್ತಿದನೋ ಇಲ್ಲವೋ, ಇದನ್ನು ನೋಡಿ ಅಳೆಯಿರಿ.

ಎಲ್ಲ ವಿಷಯದಲ್ಲೂ ಇದು ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆಲಮಟ್ಟಿ ಅಣೆಕಟ್ಟಿನ ಎತ್ತರ 519.60 ಮೀಟರಿನಿಂದ 524.256ಕ್ಕೆ ಏರುವ ವಿಷಯದಲ್ಲಿ, ನದಿ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲೇ ಒಪ್ಪಿಗೆ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ಕೂತಿತು. ಅದರ ಬಗ್ಗೆ ಸದನದಲ್ಲಿ ಯಾರು ಎಷ್ಟು ಕೂಗಿದರೂ "ನ್ಯಾಯಾಲಯದಲ್ಲಿದೆ" ಅಂದು ಕೈ ತೊಳೆದುಕೊಳ್ಳಲು ದಾರಿ ಇದೆ. ಇಲ್ಲಿ ನಿಮ್ಮ ಸಿಟ್ಟು ನ್ಯಾಯವೇ.

ಆದರೆ ನಿಧಾನಕ್ಕೆ ಫಲ ಕೊಟ್ಟ ಮಾತುಗಳೂ ಇವೆ. 2015ರ ಏಪ್ರಿಲ್ 24ರಂದು ತಮಿಳುನಾಡಿನ ಸದಸ್ಯ ತಿರುಚ್ಚಿ ಶಿವಾ ಅವರ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತಂದ ಮಸೂದೆ, ರಾಜ್ಯಸಭೆಯಲ್ಲಿ ಪಾಸಾಯಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ಅದು. ಲೋಕಸಭೆಯಲ್ಲಿ ಅದು ದಡ ಮುಟ್ಟಲಿಲ್ಲ. ಆದರೆ ವಿಷಯ ಮುಚ್ಚಿಹೋಗಲಿಲ್ಲ. 2019ರಲ್ಲಿ ಸರ್ಕಾರದ್ದೇ ಕಾಯ್ದೆ ಬಂತು. ಶಿವಾ ಅವರ ಮಸೂದೆಯಲ್ಲಿದ್ದ ಮೀಸಲಾತಿ ಈ ಕಾಯ್ದೆಯಲ್ಲಿಲ್ಲ. ಆ ಸಮುದಾಯದವರೇ ಇದನ್ನು ಬಲವಾಗಿ ಟೀಕಿಸಿದರು, ಅವರ ಟೀಕೆ ಸರಿಯಾದದ್ದು. ಆದರೂ ಸವದತ್ತಿ ಎಲ್ಲಮ್ಮನ ಗುಡ್ಡದ ಜೋಗಪ್ಪನೊಬ್ಬ ಇವತ್ತು ಬೆಳಗಾವಿಯ ಡಿಸಿ ಕಚೇರಿಗೆ ಹೋಗಿ ಗುರುತಿನ ಪ್ರಮಾಣಪತ್ರ ಕೇಳಬಹುದು. ಅದಕ್ಕೆ ದಾರಿ ಮಾಡಿದ್ದರಲ್ಲಿ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಜೊತೆಗೆ ಆ ಸದನದ ಚರ್ಚೆಯ ಪಾಲೂ ಇದೆ. ಆ ದಿನ ಶಿವಾ ಅವರ ಹೆಸರಿನ ಮುಂದೆ "ಚರ್ಚೆ: ಒಂದು" ಅಂತಷ್ಟೇ ಬರೆದಿದ್ದರೆ ಇದೆಲ್ಲ ಎಲ್ಲಿ ಕಾಣಬೇಕು?

ಇನ್ನೊಂದು ಮಾತು. 2018ರಿಂದ ರಾಜ್ಯಸಭೆಯಲ್ಲಿ 22 ಭಾಷೆಗಳಿಗೂ ಸ್ಥಳದಲ್ಲೇ ಅನುವಾದದ ವ್ಯವಸ್ಥೆ ಇದೆ. ಮೊದಲೇ ತಿಳಿಸಿದರೆ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಕಡೆಯ ಸದಸ್ಯರು ದ್ರಾಕ್ಷಿ, ಅರಿಶಿನ, ಕಬ್ಬಿನ ವಿಷಯ ಬಂದಾಗ ಕನ್ನಡದಲ್ಲೇ ಮಾತಾಡಲಿ ಅಂತ ನನ್ನ ಆಸೆ. ಬೆಳೆಗಾರರು ತಮ್ಮ ಮಾತನ್ನು ನೇರವಾಗಿ ಕೇಳಿಸಿಕೊಳ್ಳಲಿ, ಅಲ್ವಾ?

ಮುಂದಿನ ಸಂಚಿಕೆಯಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಸಂಬಂಧಪಟ್ಟ ಪ್ರಶ್ನೆ ಮತ್ತು ಮಂತ್ರಿಗಳ ಉತ್ತರ ಎರಡನ್ನೂ ಕನ್ನಡದಲ್ಲಿ ಪೂರ್ತಿ ಹಾಕುತ್ತೇವೆ. ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ರೈಲಿಗೆ ಗುರುತಾದ ಜಮೀನಿನಲ್ಲಿ ನಿಮ್ಮ ಊರಿನದು ಯಾವುದು, ಯಾರಿಗೆ ಪರಿಹಾರ ಬಂದಿದೆ, ಯಾರದು ಬಾಕಿ ಅಂತ ವಿಚಾರಿಸಿ ಬರೆದು ಕಳಿಸಿ. ಪ್ರಶ್ನೆಗೆ 15 ದಿನ ಮೊದಲು ನೋಟಿಸ್ ಕೊಡಬೇಕು, ಆಮೇಲೆ ಚೀಟಿಯಲ್ಲಿ ಹೆಸರು ಬರಬೇಕು. ಸಂಸತ್ತಿನ ಚಳಿಗಾಲದ ಅಧಿವೇಶನಕ್ಕೆ ಸಿಗಬೇಕಾದರೆ ದೀಪಾವಳಿಗೆ ಮುಂಚೆ ನಿಮ್ಮ ವಿವರ ನಮ್ಮ ಕೈಸೇರಲಿ. ನಮ್ಮ ಭಾಗದ ಸದಸ್ಯರಿಗೆ ನಾವೇ ತಲುಪಿಸುತ್ತೇವೆ. ಅವರು ಅದನ್ನು ಕೇಳಿದರೋ ಇಲ್ಲವೋ, ಅದನ್ನೂ ಅಚ್ಚು ಮಾಡುತ್ತೇವೆ.

— ಸಂಪಾದಕ