ಪುಟ್ಟ ಬೈಕು ಓಡಿಸಿದರೆ ದೊಡ್ಡ ಬೈಕಿನಲ್ಲಿ ಕೈ ಪಳಗುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನಲ್ಲಿದ್ದೇನೆ. ಮೂರು ವರ್ಷದಿಂದ ಯಮಹಾ ಆರ್15 ಓಡಿಸುತ್ತಿದ್ದೇನೆ, ಚೆನ್ನೈ ರೇಸ್ ಟ್ರ್ಯಾಕ್‌ಗೂ ಎರಡು ಸಲ ಹೋಗಿ ಬಂದೆ. ತಿರುವಿನಲ್ಲಿ ಒಂದು ಮಟ್ಟದವರೆಗೆ ವಾಲಿಸುತ್ತೇನೆ, ಅದರಾಚೆಗೆ ಧೈರ್ಯ ಬರುವುದಿಲ್ಲ. ಗೋ-ಕಾರ್ಟ್ ಟ್ರ್ಯಾಕಿನಲ್ಲಿ ಮಿನಿ ಬೈಕು ಓಡಿಸಿ ಅಭ್ಯಾಸ ಮಾಡು ಎನ್ನುತ್ತಾರೆ ಗೆಳೆಯರು. ಅದರಿಂದ ನಿಜಕ್ಕೂ ಪ್ರಯೋಜನ ಇದೆಯೇ? ಆನ್‌ಲೈನ್‌ನಲ್ಲಿ ಸಿಗುವ 49 ಸಿಸಿ ಪಾಕೆಟ್ ಬೈಕು ಕೊಂಡು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಓಡಿಸಿದರೆ ಸಾಕೇ?

ಉತ್ತರ: ಮೊದಲ ಪ್ರಶ್ನೆಗೆ, ಖಂಡಿತ ಇದೆ. ನೀವು ಹೇಳುತ್ತಿರುವ ಹೆದರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ. ಎರಡನೆಯದಕ್ಕೆ, ಬೇಡ. ಯಾಕೆಂದು ಆಮೇಲೆ ಹೇಳುತ್ತೇನೆ.

ತಿರುವಿನಲ್ಲಿ ಬೈಕು ಎಷ್ಟು ವಾಲಬೇಕು ಎಂಬುದು ಮುಖ್ಯವಾಗಿ ನಿಮ್ಮ ವೇಗ ಮತ್ತು ತಿರುವಿನ ತ್ರಿಜ್ಯದ ಲೆಕ್ಕ. ಎಂಜಿನ್ ಎಷ್ಟು ಸಿಸಿ, ಬೈಕು ಎಷ್ಟು ಕಿಲೋ ಎಂಬುದು ಆ ಲೆಕ್ಕದೊಳಗೆ ಬರುವುದೇ ಇಲ್ಲ. 100 ಮೀಟರ್ ತ್ರಿಜ್ಯದ ತಿರುವಿನಲ್ಲಿ 45 ಡಿಗ್ರಿ ವಾಲಬೇಕೆಂದರೆ ಗಂಟೆಗೆ ಸುಮಾರು 113 ಕಿಲೋಮೀಟರ್ ವೇಗ ಬೇಕು. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದೇ 45 ಡಿಗ್ರಿಗೆ 36 ಕಿಲೋಮೀಟರ್ ಸಾಕು, ಸ್ಕೂಟರಿನಲ್ಲಿ ತರಕಾರಿ ತರಲು ಹೋಗುವ ವೇಗ. ಬಿದ್ದಾಗ ನಿಮ್ಮ ಮೈ ತಾಳಿಕೊಳ್ಳಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಈ ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸವಿದೆ. 113ರಲ್ಲಿ ಒಳಮನಸ್ಸು 'ಸಾಕು, ಎತ್ತು' ಅನ್ನುತ್ತದೆ. ಹಾಗನ್ನುವುದು ತಪ್ಪೂ ಅಲ್ಲ. 36ರಲ್ಲಿ ಅದೇ ಮನಸ್ಸು ಕಲಿಯಲು ಒಪ್ಪುತ್ತದೆ.

ಇನ್ನೊಂದು ಲಾಭ, ಎಣಿಕೆಯದ್ದು. ಚೆನ್ನೈ ಟ್ರ್ಯಾಕಿನ ಉದ್ದ 3.7 ಕಿಲೋಮೀಟರ್, ತಿರುವುಗಳು 12. ಹದಿನೈದು ನಿಮಿಷದಲ್ಲಿ ಆರ್15 ಮೇಲೆ ಆರೇಳು ಸುತ್ತು ಬಂದರೆ 80ರಷ್ಟು ತಿರುವು ಸಿಗುತ್ತದೆ. ನಿಮಿಷಕ್ಕೊಂದು ಸುತ್ತು ಮುಗಿಯುವ, ಹತ್ತು ತಿರುವಿನ ಕಾರ್ಟ್ ಟ್ರ್ಯಾಕಿನಲ್ಲಿ ಅಷ್ಟೇ ಹೊತ್ತಿಗೆ 150. ಈ ಸುತ್ತಿನಲ್ಲಿ ಆದ ತಪ್ಪನ್ನು ನಿಮಿಷದೊಳಗೆ ಅದೇ ತಿರುವಿನಲ್ಲಿ ತಿದ್ದಿಕೊಳ್ಳಬಹುದು.

ಪುಟ್ಟ ಬೈಕು ನಿಮ್ಮ ಒಂದು ತಪ್ಪನ್ನೂ ಮುಚ್ಚಿಡುವುದಿಲ್ಲ. ನೀವು 70 ಕಿಲೋ ಇದ್ದೀರಿ ಎಂದುಕೊಳ್ಳಿ. 142 ಕಿಲೋ ಆರ್15 ಮೇಲೆ ಕೂತಾಗ ಒಟ್ಟು ತೂಕದಲ್ಲಿ ನಿಮ್ಮ ಪಾಲು ಮೂರನೇ ಒಂದು. 70 ಕಿಲೋ ಆಸುಪಾಸಿನ ಮಿನಿ ಬೈಕಿನ ಮೇಲೆ ಅರ್ಧಕ್ಕರ್ಧ. ಸೀಟಿನಲ್ಲಿ ನಾಲ್ಕು ಬೆರಳು ಸರಿದು ಕೂತರೂ ಬೈಕು ಬೇರೆ ದಾರಿ ಹಿಡಿಯುತ್ತದೆ. ನನಗಿದು ಗೊತ್ತಾದದ್ದು ಮುಂಗೈ ನೋವಿನಿಂದ. ಮೊದಲ ದಿನ ನಾಲ್ಕು ಸುತ್ತಿಗೇ ಮುಂಗೈ ಕಲ್ಲಾಯಿತು, ಚಿಕ್ಕ ಉಬ್ಬು ಸಿಕ್ಕರೂ ಹ್ಯಾಂಡಲ್ ಕುಲುಕುತ್ತಿತ್ತು. ಬೈಕಿನ ದೋಷವೆಂದೇ ತಿಳಿದಿದ್ದೆ. ಮಧ್ಯಾಹ್ನ ಹೊರಗಿನ ಮೊಣಕಾಲನ್ನು ಟ್ಯಾಂಕಿಗೆ ಒತ್ತಿ, ಹಿಡಿಯ ಮೇಲಿನ ಬೆರಳು ಸಡಿಲ ಬಿಟ್ಟೆ. ಅದೇ ಉಬ್ಬಿನ ಮೇಲೆ ಹ್ಯಾಂಡಲ್ ಒಂದು ಸಲ ಅಲುಗಿ ತಾನೇ ನೆಟ್ಟಗಾಯಿತು. ವರ್ಷಗಟ್ಟಲೆ ದೊಡ್ಡ ಬೈಕಿನಲ್ಲೂ ಹ್ಯಾಂಡಲ್ ಬಿಗಿಯಾಗಿಯೇ ಹಿಡಿದಿದ್ದೆ. ಅದರ ತೂಕ ಆ ಬಿಗಿಯನ್ನು ನುಂಗಿಕೊಂಡಿತ್ತು.

ಇಟಲಿಯ ರೊಮಾನ್ಯಾ ಕರಾವಳಿಯಲ್ಲಿ ಇದು ಹಳೆಯ ಪಾಠ. ಬೈಕ್ ರೇಸಿನ ತಾರೆ ವ್ಯಾಲೆಂಟಿನೊ ರಾಸ್ಸಿ ಕಾರ್ಟ್ ಬಿಟ್ಟು ಹುಡುಗನಾಗಿ ಹತ್ತಿದ್ದು ಮಿನಿಮೋಟೊ, ಅಂದರೆ ಪುಟ್ಟ ರೇಸ್ ಬೈಕು. ಇನ್ನೊಬ್ಬ ರೇಸರ್ ಮಾರ್ಕೊ ಸಿಮೊನ್ಚೆಲ್ಲಿ 1999, 2000ರಲ್ಲಿ ಇಟಲಿಯ ಮಿನಿಮೋಟೊ ಚಾಂಪಿಯನ್. ಜಪಾನಿನ ರೇಸರ್ ಡೈಜಿರೊ ಕಾಟೊ ಕೂಡ ಪಾಕೆಟ್ ಬೈಕಿನಿಂದಲೇ ಬಂದವರು. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ (ಎಫ್‌ಐಎಂ) 2021ರಲ್ಲಿ ಶುರುಮಾಡಿದ ಮಿನಿಜಿಪಿ ಸರಣಿಯಲ್ಲಿ ಮಕ್ಕಳು ಓಡಿಸುವುದು ಓವಾಲೆ ಕಂಪನಿಯ 160 ಸಿಸಿ ಮಿನಿ ಬೈಕು. ದೊಡ್ಡವರಿಗೂ ಇದರ ಅಗತ್ಯ ತಪ್ಪಿಲ್ಲ: ಬೈಕ್ ರೇಸಿನ ಅತಿ ದೊಡ್ಡ ವಿಶ್ವ ಸರಣಿಯಾದ ಮೋಟೊಜಿಪಿಯ ಸವಾರರು ತಮ್ಮ ರೇಸ್ ಬೈಕನ್ನು ಬೇಕೆಂದಾಗ ಓಡಿಸಲು ನಿಯಮ ಬಿಡುವುದಿಲ್ಲ. ಹಾಗಾಗಿ ರೇಸ್ ಇಲ್ಲದ ವಾರಗಳಲ್ಲಿ ಅವರಲ್ಲಿ ಹಲವರು ಇಂಥ ಪುಟ್ಟ ಬೈಕುಗಳ ಮೇಲೂ ಅಭ್ಯಾಸ ಮಾಡುತ್ತಾರೆ.

ಇನ್ನು ಆ 49 ಸಿಸಿ ಪಾಕೆಟ್ ಬೈಕು. ಚಕ್ರ ಆರೂವರೆ ಇಂಚು, ಗೇರಿಲ್ಲ, ಕ್ಲಚ್ ಲಿವರ್ ಇಲ್ಲ. ನಿಮ್ಮ ವಯಸ್ಸಿನವರು ಕೂತರೆ ಮೊಣಕಾಲು ಮೊಣಕೈಗೆ ತಾಗುತ್ತದೆ. ಸರಿಯಾಗಿ ಕೂರುವುದನ್ನೇ ಕಲಿಯಲಾಗದು. ಅಗ್ಗದವುಗಳ ಬ್ರೇಕನ್ನು ನಾನಂತೂ ನಂಬುವುದಿಲ್ಲ. ನೋಂದಣಿ ಇಲ್ಲದ್ದನ್ನು ರಸ್ತೆಗೆ ಇಳಿಸುವಂತಿಲ್ಲ. ಬೇಸ್‌ಮೆಂಟ್‌ನ ನುಣುಪು ನೆಲ, ಧೂಳು, ಎರಡೂ ಕಡೆ ಕಾಂಕ್ರೀಟ್ ಕಂಬ: ದಯವಿಟ್ಟು ಆ ಯೋಚನೆ ಬಿಡಿ. 10 ಅಥವಾ 12 ಇಂಚು ಚಕ್ರದ, ಗೇರಿರುವ ಬೈಕನ್ನು ತರಬೇತಿ ಕೊಡುವವರ ಬಳಿ ಬಾಡಿಗೆಗೆ ಪಡೆಯಿರಿ. ಬೈಕಿಗೂ ಅವಕಾಶ ಕೊಡುವ ಕಾರ್ಟ್ ಟ್ರ್ಯಾಕೇ ಎಂದು ಮೊದಲೇ ಕೇಳಿಕೊಳ್ಳಿ. ಕಾರ್ಟ್‌ಗಳು ಓಡುತ್ತಿರುವಾಗ ಒಳಗೆ ಇಳಿಯಬೇಡಿ. ವೇಗ ಕಡಿಮೆ ಎಂದು ಜೀನ್ಸ್ ಹಾಕಿ ಹೋಗಬೇಡಿ. ಮಣಿಕಟ್ಟು, ಕೊರಳೆಲುಬು ಮುರಿಯಲು 36 ಕಿಲೋಮೀಟರ್ ಧಾರಾಳ ಸಾಕು. ಚೆನ್ನೈಗೆ ಹಾಕಿದ ಲೆದರ್ ಸೂಟ್, ಬೂಟು, ಗ್ಲೌಸ್, ಫುಲ್ ಫೇಸ್ ಹೆಲ್ಮೆಟ್ ಇಲ್ಲಿಗೂ ಬೇಕು.

ಟೈರು ಬಿಸಿಯಾದ ಮೇಲೆ ಐದು ಸುತ್ತು ಬ್ರೇಕ್ ಮುಟ್ಟದೆ, ಹದವಾದ ವೇಗದಲ್ಲಿ ಓಡಿಸಿ ನೋಡಿ. ಬ್ರೇಕ್ ಇಲ್ಲ ಎಂದಾಗ ಕಣ್ಣು ತಾನಾಗಿ ಮುಂದಿನ ತಿರುವಿಗೆ ಹೋಗುತ್ತದೆ. ಒಂದಲ್ಲ ಒಂದು ದಿನ ಮುಂದಿನ ಟೈರು ಅರೆಕ್ಷಣ ಜಾರೀತು: ಸಣ್ಣಗೆ ಕಿರ್ರೆಂದು, ಹ್ಯಾಂಡಲ್ ಕೈಯಲ್ಲಿ ಹಗುರಾಗಿ, ಮತ್ತೆ ಹಿಡಿದುಕೊಳ್ಳುತ್ತದೆ. ಆ ಹಗುರತನ ಹೇಗಿರುತ್ತದೆಂದು ಬೆರಳಿಗೆ ತಿಳಿಯಲಿ. ನಿಮ್ಮನ್ನು ತಡೆಯುತ್ತಿರುವುದು ಅದರ ಪರಿಚಯ ಇಲ್ಲದಿರುವುದೇ.

ಪುಟ್ಟ ಬೈಕು ಕಲಿಸದ್ದೂ ಇದೆ. 120ರಿಂದ ಬ್ರೇಕ್ ಹಿಡಿಯುವ ಅಂದಾಜು, ವೇಗದಲ್ಲಿ ದೂರ ನೋಡುವ ಅಭ್ಯಾಸ ದೊಡ್ಡ ಟ್ರ್ಯಾಕಿನಲ್ಲೇ ಬರಬೇಕು. ಮಿನಿಯಿಂದ ಆರ್15ಗೆ ಮರಳಿದಾಗ 17 ಇಂಚಿನ ಚಕ್ರ ತಡವಾಗಿ ತಿರುಗಿದಂತೆ ಅನಿಸುತ್ತದೆ. ಅವಸರದಲ್ಲಿ ಹ್ಯಾಂಡಲ್ ಜಗ್ಗಬೇಡಿ. ಮಿನಿ ಸಿಗದ ವಾರ, ಖಾಲಿ ಮೈದಾನದಲ್ಲಿ ಎರಡು ಕೋನ್ ಇಟ್ಟು ಆರ್‌ಟಿಒ ಪರೀಕ್ಷೆಯ ಎಂಟನ್ನೇ ಹಾಕಿ. ಮುಂದಿನ ಸಲ ಚೆನ್ನೈಗೆ ಹೋದಾಗ ಮೊದಲ ಸೆಷನ್ ಪೂರ್ತಿ ಸಮಯ ನೋಡದೆ, ಪ್ರತಿ ತಿರುವಿನ ನಡುವೆ ಬೆರಳು ಸಡಿಲ ಇದೆಯೇ ಎಂದಷ್ಟೇ ಗಮನಿಸಿ.