ಹೊಳೆ ಒಂದೇ, ಅಳತೆ ಮೂರು

"ಈಗ ಎಲ್ಲಾ ಆನ್‌ಲೈನ್ ಇದೆ ಅಲ್ವಾ, ಮೇಲಿಂದ ಎಷ್ಟು ನೀರು ಬಿಟ್ಟರು ಅಂತ ನಿಮಗೆ ಮೊದಲೇ ಗೊತ್ತಾಗಲ್ವಾ?" ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಆದರೆ ಒಬ್ಬರಿಂದ ಅಲ್ಲ, ಐದಾರು ಕಡೆಯಿಂದ. ತೊಂದರೆ ಇರೋದೇ ಅಲ್ಲಿ.

ನಮ್ಮದು ಚಿಕ್ಕೋಡಿ ತಾಲ್ಲೂಕು, ಕೃಷ್ಣಾ ದಂಡೆ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ಕರಾಡದಲ್ಲಿ ಕೊಯ್ನಾ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಸೇರಿಸಿಕೊಂಡು ನಮ್ಮ ಕಡೆ ಬರುತ್ತಾಳೆ. ರಾಜಾಪುರ ಬ್ಯಾರೇಜು ಮಹಾರಾಷ್ಟ್ರದ್ದು, ಕಲ್ಲೋಳ ನಮ್ಮದು. ನಡುವೆ ಬಂದು ಸೇರುವ ದೂಧಗಂಗಾ ಹೊಳೆ ಬೇರೆ. ಹಾಗಾಗಿ ಮಳೆಗಾಲದಲ್ಲಿ ಬೆಳಗಿನ ಚಹಾ ಜೊತೆ ಒಂದು ಕೂಡುವ ಲೆಕ್ಕ ಇದ್ದೇ ಇರುತ್ತದೆ: ರಾಜಾಪುರದಿಂದ ಇಷ್ಟು, ದೂಧಗಂಗಾದಿಂದ ಇಷ್ಟು, ಕೂಡಿಸಿದರೆ ಕಲ್ಲೋಳದ ಹತ್ತಿರ ಇಷ್ಟು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಇಷ್ಟು ಘನ ಅಡಿ ನೀರು. 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಅನ್ನೋದು ನಮ್ಮ ಕಡೆ ಕಬ್ಬಿಗೆ ನೀರು ಕಟ್ಟುವವನಿಗೂ ಗೊತ್ತು.

ನಮ್ಮ ಊರಲ್ಲಿ ಬಿಸಿಲು ಬಿದ್ದಿರುವಾಗಲೇ ಹೊಳೆ ತುಂಬುತ್ತದೆ, ಇದು ಹೊರಗಿನವರಿಗೆ ಬೇಗ ತಲೆಗೆ ಹೋಗುವುದಿಲ್ಲ. ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಪಂಚಾಯಿತಿಗೂ ಮಳೆ ಮಾಪಕ ಇಟ್ಟಿದೆ. ಒಳ್ಳೆಯ ಕೆಲಸ, ಸುಮ್ನೆ ಹೇಳುತ್ತಿಲ್ಲ. ಆದರೆ ನಮ್ಮನ್ನು ಮುಳುಗಿಸುವ ಮಳೆ ಬೀಳುವುದು ಸಾತಾರಾ, ಕೊಲ್ಹಾಪುರದ ಘಟ್ಟದಲ್ಲಿ. ಅಲ್ಲಿನ ಅಣೆಕಟ್ಟೆಗಳ ಲೆಕ್ಕ ಮಹಾರಾಷ್ಟ್ರದ ಜಲಸಂಪನ್ಮೂಲ ಇಲಾಖೆಯದು, ಕುರುಂದವಾಡದಲ್ಲಿ ಹೊಳೆ ಅಳೆಯುವುದು ಕೇಂದ್ರ ಜಲ ಆಯೋಗ, ಮುಂದೆ ಆಲಮಟ್ಟಿ ಗೇಟು ಎತ್ತುವವರು ಇನ್ನೊಬ್ಬರು.

ಇನ್ನು ಅಳತೆ ನೋಡಿ. ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ (ಹೊಳೆಗೆ ಅಡ್ಡ ಕಟ್ಟಿದ ಒಡ್ಡು) ಪಂಚಗಂಗೆ 39 ಅಡಿಗೆ ಎಚ್ಚರಿಕೆ, 43 ಅಡಿಗೆ ಅಪಾಯ. ಸಾಂಗ್ಲಿಯ ಇರ್ವಿನ್ ಸೇತುವೆಯಲ್ಲಿ 40 ಮತ್ತು 45. ಇವೆರಡೂ ಆಯಾ ಜಾಗದಲ್ಲಿರುವ ಅಳತೆ ಪಟ್ಟಿಯ ಅಡಿ. ಕೊಯ್ನಾ ಅಣೆಕಟ್ಟೆಯ ಮಟ್ಟವೂ ಅಡಿಯಲ್ಲೇ, ಆದರೆ ಅದು ಸಮುದ್ರ ಮಟ್ಟದಿಂದ. ಆಲಮಟ್ಟಿಗೆ ಬನ್ನಿ, 519.60 ಮೀಟರ್‌ಗೆ ತುಂಬಿತು ಅನ್ನುತ್ತಾರೆ. ಮೂರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ಏನಾಗುತ್ತದೆ? ಒಬ್ಬ ಹೆದರಿ ಎಮ್ಮೆ ಬಿಚ್ಚುತ್ತಾನೆ, ಇನ್ನೊಬ್ಬ ನಿದ್ದೆ ಮಾಡುತ್ತಾನೆ.

ಭಾಷೆಯದು ಇನ್ನೂ ಮಜಾ. ಮರಾಠಿಯಲ್ಲಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ 'ವಿಸರ್ಗ' ಅನ್ನುತ್ತಾರೆ. ನಮ್ಮ ಮಕ್ಕಳಿಗೆ ವಿಸರ್ಗ ಅಂದರೆ 'ಅಃ' ಪಕ್ಕದ ಎರಡು ಸೊನ್ನೆ. ಒಳಗೆ ಬರುವ ನೀರು ಅವರಿಗೆ 'ಆವಕ', ನಮಗೆ ಆವಕ ಅಂದರೆ ಎಪಿಎಂಸಿಗೆ ಬಂದ ಈರುಳ್ಳಿ. ಅಪಾಯದ ಮಟ್ಟಕ್ಕೆ 'ಧೋಕಾ ಪಾತಳಿ'. ನಮ್ಮಲ್ಲಿ ಧೋಕಾ ಅಂದರೆ ಮೋಸ! ಗಡಿಯವರಾದ ನಮಗೆ ಎರಡೂ ಭಾಷೆ ಬರುತ್ತದೆ ಅನ್ನಿ, ನಡೆಯುತ್ತದೆ. ಬೇರೆ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರ ಪಾಡು ಏನು?

2019ರ ಆಗಸ್ಟ್‌ನಲ್ಲಿ ನಾನೇ ಒಂದು ಕಚೇರಿಗೆ ಹೋಗಿ ರಾಜಾಪುರದಿಂದ ಎಷ್ಟು ಬರುತ್ತಿದೆ ಅಂತ ಕೇಳಿದೆ. "ಅದು ನಮ್ಮಲ್ಲಿ ಬರಲ್ಲ, ಆ ಇಲಾಖೆಗೆ ಕೇಳಿ" ಅಂದರು. ಆ ಇಲಾಖೆಯವರು ನಿನ್ನೆ ಬೆಳಗಿನ ಅಂಕಿ ಕೊಟ್ಟರು. ಅಷ್ಟರಲ್ಲಿ ಶಿರೋಳದಲ್ಲಿರುವ ನಮ್ಮ ಅತ್ತೆ ಮನೆಯಿಂದ ಫೋನು ಬಂತು: ನರಸೋಬವಾಡಿಯ ದತ್ತನ ಗುಡಿ ಪೂರ್ತಿ ನೀರಲ್ಲಿದೆ, ಏನು ನೋಡುತ್ತಾ ಕೂತಿದ್ದೀರಿ? ಹಳಬರಿಗೆ ಅದೇ ಮಾಪಕ. ಗುಡಿಯೊಳಗೆ ನೀರು ಹೊಕ್ಕು ದಕ್ಷಿಣ ಬಾಗಿಲಿಂದ ಹೊರಬಿದ್ದರೆ ಅಲ್ಲಿ ಹಬ್ಬ, ಸ್ನಾನಕ್ಕೆ ಜನ ಸೇರುತ್ತಾರೆ, ಇಲ್ಲಿ ನಾವು ದಂಡೆ ಮೇಲಿನ ಪಂಪ್‌ಸೆಟ್ ಮೋಟರಿಗೆ ಹಗ್ಗ ಕಟ್ಟಿ ಮೇಲೆ ಎಳೆಯಲು ಓಡುತ್ತೇವೆ. ಆ ಸಲ ಓಡಿದ್ದು ತಡವಾಯಿತು. ಮೋಟರು ಹೋಯಿತು, ಪೈಪು ಹೋಯಿತು.

ಆಮೇಲೆ ಸುಧಾರಿಸಿಲ್ಲ ಅಂತಲ್ಲ. 2021ರ ಜೂನ್‌ನಲ್ಲಿ ಮಹಾರಾಷ್ಟ್ರದ ಸಚಿವ ಜಯಂತ ಪಾಟೀಲರು ಬೆಂಗಳೂರಿಗೆ ಬಂದು ಯಡಿಯೂರಪ್ಪನವರ ಜೊತೆ ಇದೇ ವಿಷಯ ಮಾತಾಡಿದರು. ಮುಂದಿನ ತಿಂಗಳೇ ಹೊಳೆ ಮತ್ತೆ ಬಂತು, ಆದರೆ ಆ ಸಲ ಅಂಕಿ ಬೇಗ ಸಿಕ್ಕವು, ಮೋಟರು ಉಳಿಯಿತು. ಆಲಮಟ್ಟಿ ಹಿನ್ನೀರಿಂದಲೇ ಸಾಂಗ್ಲಿ ಮುಳುಗುತ್ತದೆ ಅನ್ನೋ ಜಗಳ ಮಾತ್ರ ಇನ್ನೂ ಇದೆ. ಮಹಾರಾಷ್ಟ್ರವೇ ನೇಮಿಸಿದ ವಡನೇರೆ ಸಮಿತಿ ಹಾಗಲ್ಲ ಅಂದಿತು, ಯಾರು ಕೇಳುತ್ತಾರೆ? ಎರಡೂ ಕಡೆಯವರು ಒಂದೇ ಪಟ್ಟಿ ಮುಂದಿಟ್ಟುಕೊಂಡು, ಗಂಟೆ ಗಂಟೆಗೆ ಒಂದೇ ಅಳತೆಯಲ್ಲಿ ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ ಅಂತ ನನ್ನ ಅನಿಸಿಕೆ.

ನಮ್ಮ ಮನೆ ಗೋಡೆ ಮೇಲೆ ಅಪ್ಪ ಕೆಂಪು ಆಯಿಲ್ ಪೇಂಟಿನಲ್ಲಿ ಮೂರು ಗೆರೆ ಎಳೆದಿದ್ದಾರೆ: 2005, 2019, 2021. ಹತ್ತೊಂಬತ್ತರದು ಎಲ್ಲಕ್ಕಿಂತ ಮೇಲೆ, ಕಿಟಕಿಯ ಸರಳಿನ ಹತ್ತಿರ. ಹಾನಿ ಸರ್ವೇಗೆ ಬಂದ ಹುಡುಗ ಆ ಗೆರೆಯ ಮುಂದೆ ನಿಂತು ಫೋಟೋ ಹೊಡೆದುಕೊಂಡ. ಇದನ್ನು ಬರೆದುಕೋ ಅಪ್ಪಾ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಸಾಹೇಬರಿಗೆ ಗೊತ್ತಾಗಲಿ ಅಂದೆ. ಫಾರ್ಮು ಎರಡು ಸಲ ತಿರುವಿ ಹಾಕಿದ. ಅದಕ್ಕೆ ಕಾಲಂ ಇರಲಿಲ್ಲ.