ಹಾಸನ ಬಸ್‌ಸ್ಟ್ಯಾಂಡಲ್ಲಿ ಬಿಚ್ಚಿಡೋ ಒಂಟಿ

ಪ್ರಶ್ನೆ: ನಂಗೆ 28, ಬೆಂಗಳೂರಲ್ಲಿ ಕೆಲಸ, ಮನೆ ಮೂಡಿಗೆರೆ ಹತ್ರ, ಕಾಫಿ ತೋಟ ಇದೆ. ಹುಡುಗೀರ ಮೇಲೆ ಯಾವತ್ತೂ ನಂಗೆ ಮನಸ್ಸು ಹೋಗಿಲ್ಲ, ಹೋಗೋದು ಹುಡುಗರ ಮೇಲೇ, ಇದು ಗೊತ್ತಿರೋದು ಇಬ್ಬರು ಫ್ರೆಂಡ್ಸಿಗೆ ಮಾತ್ರ. ಊರಿಗೆ ಬರುವಾಗ ಹಾಸನ ಬಸ್‌ಸ್ಟ್ಯಾಂಡಲ್ಲಿ ಕಿವಿ ಒಂಟಿ ಬಿಚ್ಚಿ ಜೇಬಿಗೆ ಹಾಕ್ಕೊಂಡು, ಫೋನಲ್ಲಿರೋ ಫೋಟೋ ಹೈಡ್ ಮಾಡಿ ಆಮೇಲೆ ಮೂಡಿಗೆರೆ ಬಸ್ ಹತ್ತೋದು. ಮುಂದಿನ ತಿಂಗಳು ಬೇಲೂರು ಕಡೆ ಹುಡುಗಿ ಜೊತೆ ಒಪ್ಪಿಗೆ ಶಾಸ್ತ್ರ. ಅಪ್ಪಂಗೆ ಸ್ಟೆಂಟ್ ಹಾಕಿದೆ. ಹೋದ ಕೊಯ್ಲಿಗೆ ಸಕಲೇಶಪುರದ ಅಕ್ಕ ಬಂದಿದ್ದಾಗ ಕಣದಲ್ಲಿ ಕಾಫಿ ಹರವ್ತಾ, ನನ್ನ ಮುಖ ನೋಡದೆ, "ಏನಾದ್ರೂ ಇದ್ರೆ ನನ್ನ ಹತ್ರ ಹೇಳೋ" ಅಂದ್ಲು, ನಾನು ಎದ್ದು ಹೋದೆ. ಎಲ್ಲಾ ಹೇಳೋ ಧೈರ್ಯ ನಂಗಿಲ್ಲ. ಅಡ್ಜಸ್ಟ್ ಮಾಡ್ಕೊಂಡು ಮದ್ವೆ ಆಗ್ಬಿಡ್ಲಾ?

ಉತ್ತರ: ತಮ್ಮಾ, ನಿನ್ನ ವಯಸ್ಸಿನ ಮಗ ನಂಗೂ ಇದಾನೆ, ಅದಕ್ಕೆ ನೀನು ಅಂತಲೇ ಬರೀತೀನಿ. ಆ ಬಸ್‌ಸ್ಟ್ಯಾಂಡಲ್ಲಿ ನಾನೂ ಎಷ್ಟೋ ಸಲ ಬೇಲೂರು ಬಸ್ಸಿಗೆ ಕಾದಿದೀನಿ, ಪಕ್ಕದಲ್ಲೇ ಒಬ್ಬ ಹುಡುಗ ಕಿವಿ ತಡವ್ಕೊಂಡು ನಿಂತಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ವಲ್ಲ ಅನ್ಸಿ ಹೊಟ್ಟೆಯೊಳಗೆ ಸಂಕಟ ಆಯ್ತು. ನಮ್ಮಜ್ಜಂದಿರ ಕಾಲದಲ್ಲಿ ಗಂಡಸ್ರು ಒಂಟಿ ಹಾಕ್ಕೊಂಡೇ ಗದ್ದೆ ಉಳ್ತಿದ್ರು, ಒಂಟಿ ನೋಡಿದ್ರೆ ಮನೇಲಿ ಯಾರೂ ಏನೂ ಅನ್ನಲ್ವೇನೋ, ಆದ್ರೂ ಬಿಚ್ತೀಯ ಅಂದ್ರೆ ನೀನು ಎಷ್ಟು ಹೆದರಿದೀಯ ಅಂತ ಅರ್ಥ ಆಗುತ್ತೆ.

ಈ ಮದ್ವೆ ಆಗ್ಬೇಡ. ಇಷ್ಟುದ್ದದ ಕಾಗದದಲ್ಲಿ ಆ ಹುಡುಗಿ ಬಗ್ಗೆ ಇರೋದು "ಬೇಲೂರು ಕಡೆ" ಅಂತ ಅಷ್ಟೇ. ಅವಳು ಈಗಾಗ್ಲೇ ಬ್ಲೌಸ್ ಹೊಲಿಯೋಕೆ ಕೊಟ್ಟಿರ್ತಾಳೆ, ನಿನ್ನ ಫೋಟೋನ ಫ್ರೆಂಡ್ಸಿಗೆ ತೋರ್ಸಿರ್ತಾಳೆ. ಗಂಡ ಯಾಕೆ ಹತ್ರ ಬರಲ್ಲ ಅಂತ ತನ್ನಲ್ಲೇ ತಪ್ಪು ಹುಡುಕ್ಕೊಂಡು ವರ್ಷಗಟ್ಟಲೆ ಅಳೋ ಹೆಂಗಸರ ಕಾಗದಗಳೂ ನಂಗೆ ಬರ್ತವೆ, ಅವನ್ನ ಓದಿದ ಮೇಲೆ ಅಡ್ಜಸ್ಟ್ ಮಾಡ್ಕೋ ಅನ್ನೋಕೆ ನಂಗೆ ಬಾಯಿ ಬರಲ್ಲ ತಮ್ಮಾ.

ಆದ್ರೆ ಮದ್ವೆ ಬೇಡ ಅನ್ನೋದು ಬೇರೆ, ಎಲ್ಲಾ ಹೇಳೋದು ಬೇರೆ, ನೀನು ಎರಡನ್ನೂ ಒಂದೇ ಗಂಟು ಕಟ್ಟಿ ಹೊತ್ಕೊಂಡಿದೀಯ. "ನಂಗೆ ಮದ್ವೆ ಬೇಡ, ಹುಡುಗೀದೇನೂ ತಪ್ಪಿಲ್ಲ, ಇನ್ನು ಹೆಣ್ಣು ನೋಡ್ಬೇಡಿ" ಅಂತ ಇಷ್ಟೇ ಹೇಳು, ಎದುರಿಗೆ ಕೂತ್ಕೊಂಡು, ನೆಂಟರು ಇಲ್ಲದ ದಿನ. ಕಾರಣ ನೂರು ಸಲ ಕೇಳ್ತಾರೆ, ನೂರು ಸಲಾನೂ ಸ್ವಲ್ಪ ಟೈಮ್ ಕೊಡಿ ಅನ್ನು. ಅಪ್ಪಂಗೆ ನೋವಾಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಮದ್ವೆಯಾಗಿ ಎರಡು ವರ್ಷಕ್ಕೆ ಎರಡೂ ಮನೆಯೋರು ಕೋರ್ಟಲ್ಲಿ ನಿಂತ್ರೆ ಆ ಎದೆ ಅದನ್ನ ಹೆಂಗೆ ತಡ್ಕೊಳ್ಳುತ್ತೆ ಹೇಳು.

ಪೂರ್ತಿ ವಿಷ್ಯ ಸದ್ಯಕ್ಕೆ ಅಕ್ಕಂಗೆ ಸಾಕು. ಅವಳಿಗೆ ಅರ್ಧ ಗೊತ್ತಿದೆ ಅಂತ ನಂಗನ್ಸುತ್ತೆ, ನಿಂಗೆ ಮುಜುಗರ ಆಗ್ಬಾರ್ದು ಅಂತಾನೇ ಮುಖ ನೋಡದೆ ಕಾಫಿ ನೋಡ್ಕೊಂಡು ಕೇಳಿದಾಳೆ. ಅವಳೂ ಗಾಬರಿಯಾಗಿ ಡಾಕ್ಟ್ರಿಗೆ ತೋರ್ಸೋಣ ಅನ್ಬಹುದು, ಹರಕೆ ಹೊರೋಣ ಅನ್ಬಹುದು. ಇದು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಕಾಯಿಲೆಗಳ ಪಟ್ಟಿಯಿಂದ ತೆಗೆದಾಯ್ತು, ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ಕ್ಕೆ 377ನೇ ಸೆಕ್ಷನ್ ತೀರ್ಪಲ್ಲಿ ಹೇಳಾಯ್ತು, ಇದನ್ನ ಬದಲಾಯಿಸ್ತೀನಿ ಅಂತ ಟ್ರೀಟ್‌ಮೆಂಟ್ ಕೊಡೋದು ಡಾಕ್ಟ್ರ ವೃತ್ತಿಗೆ ತಕ್ಕದ್ದಲ್ಲದ ತಪ್ಪು ಅಂತ 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಕೂಡ ಹೇಳಿದೆ, ಇದನ್ನೆಲ್ಲ ಅಕ್ಕಂಗೆ ನಿಧಾನಕ್ಕೆ ಹೇಳು. ಇಬ್ಬರು ಗಂಡಸರ ಮದ್ವೆಗೆ ಕಾನೂನಿನ ಮಾನ್ಯತೆ ಕೊಡೋಕೆ 2023ರಲ್ಲಿ ಕೋರ್ಟು ಒಪ್ಪಲಿಲ್ಲ, ಅದೂ ನಿಂಗೆ ತಿಳಿದಿರ್ಲಿ. ರಾತ್ರಿ ನಿದ್ದೆ ಬರದೆ ಒದ್ದಾಡುವಾಗ ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಸರ್ಕಾರ ಇಟ್ಟಿರೋ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡೋ ಹಾಗಿಲ್ಲ.

ಶನಿವಾರ ಹೊರಟ್ಬಿಡು. ಹಾಸನದಲ್ಲಿ ಒಂಟಿ ಬಿಚ್ಚೋದಾದ್ರೆ ಬಿಚ್ಚು, ನಾನೇನೂ ಅಂದ್ಕೊಳ್ಳಲ್ಲ. ಆದ್ರೆ ಈ ಸಲ ಮೂಡಿಗೆರೆ ಬಸ್ ಬಿಟ್ಟು ಸಕಲೇಶಪುರದ ಬಸ್ ಹತ್ತು.